ಸೀಲ್ ಬದಲಿಸುವ ಮುನ್ನ ಒತ್ತಡ ಅಳೆಯಿರಿ: ಹಳೆಯ ಸ್ಪೋರ್ಟ್ಸ್ ಕಾರಿನ ಎಂಜಿನ್ ಪರೀಕ್ಷೆ

ನನ್ನ ಹಳೆಯ ಎರಡು ಸೀಟಿನ ಕಾರು ನಿಂತ ಕಡೆಯಲ್ಲೆಲ್ಲ ಅಂಗೈಯಗಲದ ಕಪ್ಪು ಕಲೆ ಬಿಟ್ಟು ಬರುತ್ತಿತ್ತು. ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗದಿಂದ ಆಯಿಲ್ ಇಳಿಯುತ್ತಿತ್ತು. ಪಿಸ್ಟನ್ನುಗಳು ತಿರುಗಿಸುವ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ಸೀಲ್, ಅಂದರೆ ಆಯಿಲ್ ತಡೆಯುವ ಉಂಗುರ, ಹೋಗಿದೆ ಎಂದು ನೋಡಿದವರೆಲ್ಲ ಹೇಳಿದರು. ಗೇರ್‌ಬಾಕ್ಸ್ ಇಳಿಸಿ, ಕ್ಲಚ್ ಬಿಚ್ಚಿ, ಹೊಸ ಸೀಲ್ ಕೂರಿಸಿದೆ. ಮೂರು ವಾರಕ್ಕೆ ಮತ್ತೆ ಅದೇ ಕಲೆ. ಕೂರಿಸುವಾಗ ನನ್ನ ಕೈಯೇ ತಪ್ಪಿರಬೇಕು ಎಂದುಕೊಂಡು ಇನ್ನೊಮ್ಮೆ ಎಲ್ಲವನ್ನೂ ಬಿಚ್ಚಿದೆ. ಎರಡನೆಯ ಸೀಲೂ ಒಂದು ತಿಂಗಳು ದಾಟಲಿಲ್ಲ. ಕೊನೆಗೊಂದು ಸಂಜೆ ಬೇರೇನೋ ಕೆಲಸಕ್ಕೆಂದು ಎಂಜಿನ್ ಓಡುತ್ತಿರುವಾಗಲೇ ಆಯಿಲ್ ತುಂಬುವ ಮುಚ್ಚಳ ತಿರುಗಿಸಿದೆ. ಬಿಸಿ ಉಸಿರು ಮುಖಕ್ಕೆ ಬಡಿಯಿತು. ಎಂಜಿನ್ ಉಸಿರಾಡುವ ಕೊಳವೆಯನ್ನು ಕಿತ್ತು ನೋಡಿದೆ. ಹೊರಗಿನಿಂದ ಗಟ್ಟಿಯಾಗಿಯೇ ಕಾಣುತ್ತಿದ್ದ ರಬ್ಬರಿನ ಒಳಪದರ ಊದಿಕೊಂಡು, ಅಂಟು ಕೆಸರು ಮೆತ್ತಿ, ಬೆಂಕಿಕಡ್ಡಿ ತೂರುವುದೂ ಕಷ್ಟ ಎಂಬಷ್ಟು ಕಿರಿದಾಗಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ನಾನು ಎರಡು ಸಲ ಸೀಲಿಗೆ ಶಿಕ್ಷೆ ಕೊಟ್ಟಿದ್ದೆ.

ಅಂದಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಹಳೆಯ ಎಂಜಿನ್ ಆಯಿಲ್ ಸೋರಿದರೆ, ಆಯಿಲ್ ಕುಡಿದರೆ, ಗೇಜಿನ ಮುಳ್ಳು ಬಿದ್ದರೆ, ಸ್ಪ್ಯಾನರ್ ಹಿಡಿಯುವ ಮೊದಲು ಎರಡು ಒತ್ತಡಗಳನ್ನು ಅಳೆಯುತ್ತೇನೆ. ಒಂದು ಬೇರಿಂಗುಗಳಿಗೆ ಹೋಗುವ ಆಯಿಲಿನದು, ಇನ್ನೊಂದು ಕ್ರ್ಯಾಂಕ್‌ಕೇಸಿನೊಳಗಿನ, ಅಂದರೆ ಕ್ರ್ಯಾಂಕ್‌ಶಾಫ್ಟ್ ತಿರುಗುವ ಪೆಟ್ಟಿಗೆಯೊಳಗಿನ ಗಾಳಿಯದು. ಆ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಅಳೆಯುವುದು ಏನನ್ನು?

ಆಯಿಲ್ ಪಂಪು ಒತ್ತಡವನ್ನು ಹುಟ್ಟಿಸುವುದಿಲ್ಲ, ಆಯಿಲನ್ನು ತಳ್ಳುತ್ತದೆ, ಅಷ್ಟೇ. ತಳ್ಳಿದ ಆಯಿಲಿಗೆ ಬೇರಿಂಗುಗಳ ಕಿರಿದಾದ ಸಂದಿಯಲ್ಲಿ ಎದುರಾಗುವ ತಡೆಯೇ ಗೇಜಿನಲ್ಲಿ ಒತ್ತಡವಾಗಿ ಕಾಣುತ್ತದೆ. ಸಂದಿ ಸವೆದು ಅಗಲವಾದರೆ ತಡೆ ಕಡಿಮೆಯಾಗಿ ಮುಳ್ಳು ಇಳಿಯುತ್ತದೆ. ಇನ್ನೊಂದು ಒತ್ತಡದ ಮೂಲವೇ ಬೇರೆ. ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ದಹನದ ಅನಿಲ ಒಂದಿಷ್ಟು ಅವುಗಳನ್ನು ದಾಟಿ ಕೆಳಗಿಳಿಯುತ್ತದೆ. ಇದನ್ನು ಬ್ಲೋ-ಬೈ ಎನ್ನುತ್ತಾರೆ. ಹಿಂದೆ ಇದನ್ನು ಒಂದು ಕೊಳವೆಯ ಮೂಲಕ ಸೀದಾ ರಸ್ತೆಗೆ ಬಿಡುತ್ತಿದ್ದರು. 1960ರ ದಶಕದಿಂದೀಚೆಗೆ ಇನ್‌ಟೇಕ್ ಮ್ಯಾನಿಫೋಲ್ಡಿನ ನಿರ್ವಾತದಿಂದ ಅದನ್ನು ಎಳೆದು ಮತ್ತೆ ಸುಡುವ ಏರ್ಪಾಟು ಬಂತು. ಅದೇ ಪಿಸಿವಿ (ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್) ವ್ಯವಸ್ಥೆ. ಅದು ಸರಿಯಾಗಿದ್ದರೆ ಐಡ್ಲಿಂಗಿನಲ್ಲಿ ಕ್ರ್ಯಾಂಕ್‌ಕೇಸಿನೊಳಗೆ ಹೊರಗಿನ ಗಾಳಿಗಿಂತ ತುಸು ಕಡಿಮೆ ಒತ್ತಡವಿರುತ್ತದೆ.

ಎರಡರ ಅಳತೆಯಲ್ಲಿ ಇರುವ ಅಂತರ ನೋಡಿ. 4 ಬಾರ್ ಆಯಿಲ್ ಒತ್ತಡ ಎಂದರೆ ಸುಮಾರು 40 ಮೀಟರ್ ಎತ್ತರದ ನೀರಿನ ಕಂಬ. ಕ್ರ್ಯಾಂಕ್‌ಕೇಸಿನ ಒತ್ತಡವನ್ನು ಸೆಂಟಿಮೀಟರಿನಲ್ಲಿ ಲೆಕ್ಕ ಹಾಕಬೇಕು. ಆದರೂ ಸೀಲಿನ ತುಟಿಯನ್ನು ಎತ್ತಿ ಆಯಿಲನ್ನು ಹೊರದೂಡುವುದು ಆ 4 ಬಾರ್ ಅಲ್ಲ, ಈ ಕೆಲವು ಸೆಂಟಿಮೀಟರು. ಹಿಂಬದಿಯ ಸೀಲಿನ ಬಳಿಗೆ ಬರುವ ಹೊತ್ತಿಗೆ ಆಯಿಲ್ ಬೇರಿಂಗಿನಿಂದ ಹೊರಬಿದ್ದು ತನ್ನ ಒತ್ತಡವನ್ನೆಲ್ಲ ಕಳೆದುಕೊಂಡಿರುತ್ತದೆ. ಅಲ್ಲಿ ಅದನ್ನು ತಳ್ಳುವುದು ಕ್ರ್ಯಾಂಕ್‌ಕೇಸಿನ ಗಾಳಿ ಮಾತ್ರ.

ಮೊದಲು ಬರಿಗೈಯಲ್ಲಿ

ಉಪಕರಣ ತೆಗೆಯುವ ಮುನ್ನ ಡಿಪ್‌ಸ್ಟಿಕ್ ತೆಗೆದು ನೋಡಿ. ಕಾರು ಸಮತಟ್ಟಾದ ನೆಲದ ಮೇಲಿರಲಿ. ಮಟ್ಟ ಮೇಲಿನ ಗುರುತನ್ನು ದಾಟಿದ್ದು, ನೀವು ಹೆಚ್ಚಿಗೆ ತುಂಬಿರದಿದ್ದರೆ, ಮೂಸಿ ನೋಡಿ. ಪೆಟ್ರೋಲಿನ ವಾಸನೆ ಬಂದರೆ ಇಂಜೆಕ್ಟರ್ ಸೋರುತ್ತಿರಬಹುದು ಅಥವಾ ಮಿಶ್ರಣದಲ್ಲಿ ಪೆಟ್ರೋಲ್ ಅತಿಯಾಗಿರಬಹುದು. ಪೆಟ್ರೋಲ್ ಬೆರೆತ ಆಯಿಲ್ ತೆಳುವಾಗಿ ಒತ್ತಡ ಬೀಳುತ್ತದೆ. ಇಂಥ ಆಯಿಲಿನ ಮೇಲೆ ಮಾಡಿದ ಯಾವ ಪರೀಕ್ಷೆಗೂ ಅರ್ಥವಿಲ್ಲ. ಮುಚ್ಚಳದ ಒಳಗೆ ಹಾಲುಗಂದು ನೊರೆ ಮೆತ್ತಿದ್ದರೆ ಹೆದರಿಬಿಡಬೇಡಿ. ಬರೀ ಚಿಕ್ಕ ಓಡಾಟಕ್ಕೆ ಬಳಸುವ ಕಾರಿನಲ್ಲಿ ಅದು ತೇವದ ಗುರುತು. ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಇಡಿ.

ಆಯಿಲ್ ಯಾವ ದರ್ಜೆಯದು, ಯಾವಾಗ ಹಾಕಿದ್ದು ಎಂದು ತಿಳಿಯದಿದ್ದರೆ ತಯಾರಕರು ಹೇಳಿದ ದರ್ಜೆಯದನ್ನು ಹೊಸ ಫಿಲ್ಟರ್ ಜೊತೆಗೆ ಹಾಕಿ, ಆಮೇಲೆ ಅಳೆಯಿರಿ. ಹಳೆಯ ಫಿಲ್ಟರನ್ನು ಎಸೆಯಬೇಡಿ, ಅದರಿಂದ ಕೆಲಸವಿದೆ.

ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಬೇಡಿ

ಹಳೆಯ ಸ್ಪೋರ್ಟ್ಸ್ ಕಾರುಗಳ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಗೇಜ್ ಇರುವುದೇ ಒಂದು ಹೆಮ್ಮೆ. ಆದರೆ ಅದರ ಮಾತಿಗೆ ಬೆಲೆ ಎಷ್ಟು ಎಂಬುದು ಕಾರಿನಿಂದ ಕಾರಿಗೆ ಬೇರೆ. ಮಜ್ದಾ ಎಂಎಕ್ಸ್-5ರ ಮೊದಲ ವರ್ಷಗಳ ಕಾರುಗಳಲ್ಲಿ ನಿಜವಾದ ಗೇಜ್ ಇತ್ತು. 1995ರ ಮಾದರಿಯಿಂದ ಅದೇ ಜಾಗದಲ್ಲಿ ಕುಳಿತ ಗೇಜ್ ಬರೀ ಸ್ವಿಚ್ಚಿಗೆ ಕಟ್ಟಿದ ಮುಳ್ಳು. ಒತ್ತಡ ಒಂದು ಕನಿಷ್ಠ ಮಟ್ಟ ದಾಟಿತೆಂದರೆ ಮಧ್ಯಕ್ಕೆ ಬಂದು ನಿಂತುಬಿಡುತ್ತದೆ, ಎಂಜಿನ್ ಎಷ್ಟೇ ಕೂಗಿದರೂ ಅಲ್ಲಾಡುವುದಿಲ್ಲ. ಕೆಂಪು ದೀಪದ ಕಥೆಯೂ ಅಷ್ಟೇ. ಅನೇಕ ಕಾರುಗಳಲ್ಲಿ ಅದು ಹೊತ್ತಿಕೊಳ್ಳುವುದು 0.3ರಿಂದ 0.5 ಬಾರಿಗೆ ಇಳಿದಾಗ. ಹೆದ್ದಾರಿಯ ವೇಗದಲ್ಲಿ ಆ ದೀಪ ಕಂಡರೆ ಅದನ್ನು ಎಚ್ಚರಿಕೆ ಎನ್ನಲಾಗದು, ಮರಣವಾರ್ತೆ ಎನ್ನಬೇಕು.

ನಿಜವಾದ ಗೇಜ್ ಇರುವ ಕಾರಿನಲ್ಲೂ ಮೊದಲು ಸಾಯುವುದು ಸೆಂಡರ್, ಅಂದರೆ ಎಂಜಿನ್ನಿನಲ್ಲಿ ಕುಳಿತು ಒತ್ತಡವನ್ನು ಗೇಜಿಗೆ ತಿಳಿಸುವ ಬಿಡಿಭಾಗ. ಅದರೊಳಗೆ ಪೊರೆಯೊಂದು ಒತ್ತಡಕ್ಕೆ ತಕ್ಕಂತೆ ಸರಿದು ವಿದ್ಯುತ್ ತಡೆಯನ್ನು ಬದಲಿಸುತ್ತದೆ. ಯುರೋಪಿನ ಬಹಳಷ್ಟು ಕಾರುಗಳಲ್ಲಿ ಕಾಣುವ ವಿಡಿಒ ಸೆಂಡರುಗಳಲ್ಲಿ ಒತ್ತಡವಿಲ್ಲದಾಗ ಸುಮಾರು 10 ಓಮ್, ಪೂರ್ಣ ಒತ್ತಡದಲ್ಲಿ ಸುಮಾರು 180 ಓಮ್ ಇರುತ್ತದೆ. ಎಂಜಿನ್ ಆರಿಸಿ ಮಲ್ಟಿಮೀಟರ್ ಹಿಡಿದಾಗ 10ರ ಹತ್ತಿರ ತೋರಿಸದ ಸೆಂಡರಿನ ಮಾತನ್ನು ಅಲ್ಲಿಗೇ ಬಿಡಬಹುದು.

ಹಾಗಾಗಿ ಸೆಂಡರ್ ಬಿಚ್ಚಿ ಅದರ ಜಾಗಕ್ಕೆ ಯಾಂತ್ರಿಕ ಗೇಜ್ ಹಾಕಿ. 0ಯಿಂದ 7 ಅಥವಾ 10 ಬಾರ್‌ವರೆಗೆ ಓದುವ ಗೇಜ್ ಸಾಕು. ಇಲ್ಲಿ ಒಂದು ಅಪಾಯವಿದೆ. ಸೆಂಡರಿನ ತೂತುಗಳಲ್ಲಿ ಎರಡು ಬಗೆಯ 1/8 ಇಂಚಿನ ಪಿರಿ (ಥ್ರೆಡ್) ಸಿಗುತ್ತವೆ. ಅಮೆರಿಕದ ಎನ್‌ಪಿಟಿಯಲ್ಲಿ ಇಂಚಿಗೆ 27 ಸುತ್ತು, ಬ್ರಿಟಿಷ್ ಬಿಎಸ್‌ಪಿಯಲ್ಲಿ 28. ಒಂದು ಇನ್ನೊಂದರೊಳಗೆ ಎರಡು ಸುತ್ತು ಹಿತವಾಗಿಯೇ ಹೋಗುತ್ತದೆ, ಮೂರನೆಯದಕ್ಕೆ ಬಿಗಿಯುತ್ತದೆ. ಅಲ್ಲಿ ಬಲ ಹಾಕಿದರೆ ಅಲ್ಯೂಮಿನಿಯಮ್ಮಿನ ಪಿರಿ ಕಿತ್ತು ಬರುತ್ತದೆ, ಆಗ ಒತ್ತಡದ ಚಿಂತೆ ಹೋಗಿ ಬ್ಲಾಕಿನ ಚಿಂತೆ ಶುರುವಾಗುತ್ತದೆ. ಮೆಟ್ರಿಕ್ ಎಂ10 ಪಿರಿಯೂ ಕಣ್ಣಳತೆಗೆ ಇವೆರಡರ ಹಾಗೆಯೇ ಕಾಣುತ್ತದೆ. ಪಿರಿಮಾಪಕದಿಂದ ಹಳೆಯ ಸೆಂಡರನ್ನೇ ಅಳೆದು ನೋಡಿ. ಅಡಾಪ್ಟರ್ ಮೊದಲ ಮೂರು ಸುತ್ತು ಬೆರಳಿನಲ್ಲೇ ಹೋಗಬೇಕು.

ಗೇಜಿನ ಹೋಸ್ ಎಕ್ಸಾಸ್ಟ್ ಮ್ಯಾನಿಫೋಲ್ಡಿನಿಂದಲೂ ಫ್ಯಾನಿನಿಂದಲೂ ದೂರವಿರುವಂತೆ ಕಟ್ಟಿ. ಒತ್ತಡದಲ್ಲಿರುವ ಬಿಸಿ ಆಯಿಲ್ ಕೆಂಪಗೆ ಕಾದ ಲೋಹಕ್ಕೆ ಬಿದ್ದರೆ ಬೆಂಕಿ ಹತ್ತಲು ಕಿಡಿ ಬೇಕಿಲ್ಲ. ಎಂಜಿನ್ ಶುರುಮಾಡಿದ ಮೊದಲ ನಿಮಿಷ ಕಣ್ಣು ಗೇಜಿನ ಮೇಲಲ್ಲ, ಜೋಡಣೆಗಳ ಮೇಲಿರಲಿ.

ಓದುವುದು ಹೀಗೆ. ರಾತ್ರಿಯಿಡೀ ನಿಂತ ಎಂಜಿನ್ ಶುರುವಾದ ಮೇಲೆ ಒತ್ತಡ ಏರಲು ಎಷ್ಟು ಸೆಕೆಂಡು ಹಿಡಿಯಿತು, ಎಲ್ಲಿಯವರೆಗೆ ಏರಿತು ಎಂದು ಬರೆದುಕೊಳ್ಳಿ. ಆಮೇಲೆ ಕನಿಷ್ಠ 20 ನಿಮಿಷ ಕಾರನ್ನು ಓಡಿಸಿ. ನೀರಿನ ಮುಳ್ಳು ನಡುವಿಗೆ ಬಂದ ಮಾತ್ರಕ್ಕೆ ಆಯಿಲ್ ಕಾದಿತು ಎಂದಲ್ಲ. ಆಯಿಲ್ ಯಾವಾಗಲೂ ನೀರಿಗಿಂತ ನಿಧಾನ, ಅದು 90 ಡಿಗ್ರಿಯ ಆಸುಪಾಸಿಗೆ ಬರುವ ತನಕದ ಅಂಕಿಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾದ ಮೇಲೆ ಐಡ್ಲಿಂಗ್, 2000, 3000, 4000 ಆರ್‌ಪಿಎಂ, ಹೀಗೆ ಏರಿಸುತ್ತ ಹೋಗಿ, ಮತ್ತೆ ಇಳಿಸುತ್ತ ಬನ್ನಿ. ಇಳಿಸುವಾಗಲೂ ಬರೆಯಿರಿ.

ನಿಮ್ಮ ಎಂಜಿನ್ನಿಗೆ ತಯಾರಕರು ಕೊಟ್ಟ ಅಂಕಿಯೇ ಅಂತಿಮ. ಅದು ಕೈಗೆ ಸಿಗದಿದ್ದರೆ ಮೆಕ್ಯಾನಿಕ್ಕುಗಳ ಹಳೆಯ ಲೆಕ್ಕವೊಂದಿದೆ. ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್. ಕಾದ ಎಂಜಿನ್ 3000ದಲ್ಲಿ 2 ಬಾರಿಗಿಂತ ಮೇಲಿದ್ದು, ಐಡ್ಲಿಂಗಿನಲ್ಲಿ 0.7ರಿಂದ 1 ಬಾರ್ ಉಳಿಸಿಕೊಂಡರೆ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಅಂಕಿಗಳು ಹೇಳುವ ಕಥೆ

ಒಂದೇ ಅಂಕಿ ನೋಡಿ ತೀರ್ಪು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒತ್ತಡ ಆರ್‌ಪಿಎಂ ಜೊತೆಗೆ ಹೇಗೆ ಏರುತ್ತದೆ ಎಂಬ ಗೆರೆಯ ಆಕಾರದಲ್ಲೇ ಕಾಯಿಲೆಯ ಗುರುತಿರುವುದು.

ಯಾಂತ್ರಿಕ ಗೇಜಿನಲ್ಲಿ ಎಲ್ಲ ಸರಿಯಿದ್ದು ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಕಡಿಮೆಯಿದ್ದರೆ ಸೆಂಡರ್ ಅಥವಾ ಅದರ ತಂತಿ ಕೆಟ್ಟಿದೆ. ಖುಷಿಪಡಿ, ಮುಂದೆ ಹೋಗಿ.

ಎಲ್ಲ ವೇಗದಲ್ಲೂ ಒತ್ತಡ ಕಡಿಮೆಯಿದ್ದು, ಆರ್‌ಪಿಎಂ ಏರಿದಂತೆ ಕ್ರಮವಾಗಿ ಏರುತ್ತಿದ್ದರೆ ಸವೆತವಿದೆ, ಇಲ್ಲವೇ ಆಯಿಲ್ ತೆಳುವಾಗಿದೆ. ಸವೆತ ಎಂದಾಕ್ಷಣ ಬೇರಿಂಗ್ ಎಂದು ಹಾರಬೇಡಿ. ಆಯಿಲಿನ ದಾರಿಯಲ್ಲಿ ಎಲ್ಲಿ ಸೋರಿದರೂ ಗೇಜ್ ಹೀಗೆಯೇ ಇಳಿಯುತ್ತದೆ. ನಿಸಾನ್ 370ಜೆಡ್ ಕಾರಿನ ಎಂಜಿನ್ನಿನಲ್ಲಿ ಆಯಿಲ್ ಗ್ಯಾಲರಿಯ, ಅಂದರೆ ಆಯಿಲ್ ಹರಿಯುವ ಒಳದಾರಿಯ, ಕಾಗದದ ಗ್ಯಾಸ್ಕೆಟ್ ಹರಿದು, ಬೇರಿಂಗುಗಳು ಚೆನ್ನಾಗಿರುವಾಗಲೇ ಒತ್ತಡ ಬೀಳುವುದು ಆ ಕಾರಿಟ್ಟುಕೊಂಡವರಿಗೆಲ್ಲ ಗೊತ್ತಿರುವ ಸಂಗತಿ.

ಐಡ್ಲಿಂಗಿನಲ್ಲಿ ಸರಿಯಾಗಿದ್ದು, 3000 ದಾಟಿದ ಮೇಲೆ ಏರದೆ ನಿಲ್ಲುವುದೋ ಇಳಿಯುವುದೋ ಆದರೆ ದಾರಿ ಬೇರೆ. ಒತ್ತಡ ಮಿತಿ ಮೀರದಂತೆ ಆಯಿಲನ್ನು ಹಿಂದಕ್ಕೆ ಬಿಡುವ ರಿಲೀಫ್ ವಾಲ್ವ್ ಮೊದಲ ಶಂಕಿತ. ಅದರ ಸ್ಪ್ರಿಂಗ್ ಸೋತಿರಬಹುದು, ಅಥವಾ ಪ್ಲಂಜರಿಗೆ ಕಸ ಸಿಕ್ಕಿ ಅರೆತೆರೆದು ಕುಳಿತಿರಬಹುದು. ಏರುವಾಗಿನ ಅಂಕಿಗೂ ಇಳಿಯುವಾಗಿನ ಅಂಕಿಗೂ ದೊಡ್ಡ ವ್ಯತ್ಯಾಸವಿದ್ದರೆ ಪ್ಲಂಜರ್ ಕಚ್ಚಿಕೊಳ್ಳುತ್ತಿದೆ. ಕೆಲವು ಎಂಜಿನ್‌ಗಳಲ್ಲಿ ಈ ವಾಲ್ವನ್ನು ಹೊರಗಿನಿಂದಲೇ ಬಿಚ್ಚಬಹುದು. ಪ್ಲಂಜರಿನ ಮೈಮೇಲೆ ಉಗುರು ಎಳೆದಾಗ ತಡೆಯುವಂಥ ಗೀರಿದ್ದರೆ ಬದಲಿಸಿ.

ಎರಡನೆಯ ಶಂಕಿತ ಆಯಿಲ್ ಎಳೆಯುವ ಬದಿಯಲ್ಲಿದೆ. ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಸಂಪಿನಲ್ಲಿ ಮುಳುಗಿರುವ ಜಾಲರಿಗೆ ಕೆಸರು ಕಟ್ಟಿದ್ದರೆ, ಅಥವಾ ಜಾಲರಿಯ ಕೊಳವೆ ಪಂಪಿಗೆ ಸೇರುವಲ್ಲಿರುವ ರಬ್ಬರ್ ಉಂಗುರ ಬಿರುಕು ಬಿಟ್ಟಿದ್ದರೆ, ಪಂಪು ಆಯಿಲಿನ ಜೊತೆ ಗಾಳಿಯನ್ನೂ ಕುಡಿಯುತ್ತದೆ. ಆಗ ಮುಳ್ಳು ನಡುಗುತ್ತದೆ, ಟ್ಯಾಪೆಟ್ಟುಗಳು ಕಟಕಟಿಸುತ್ತವೆ. ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ಪರೀಕ್ಷೆಯಿದೆ. ಪೂರ್ತಿ ಮಟ್ಟದ ಮೇಲೆ ಅರ್ಧ ಲೀಟರ್ ಆಯಿಲನ್ನು ತಾತ್ಕಾಲಿಕವಾಗಿ ಹೆಚ್ಚಿಗೆ ಹಾಕಿ. ಆ ಉಂಗುರ ಆಯಿಲಿನ ಮಟ್ಟದ ಹತ್ತಿರವಿರುವ ಎಂಜಿನ್ನುಗಳಲ್ಲಿ ಹೆಚ್ಚಿದ ಆಯಿಲ್ ಬಿರುಕನ್ನು ಮುಳುಗಿಸುತ್ತದೆ. ಒತ್ತಡ ಒಮ್ಮೆಲೇ ಚೇತರಿಸಿಕೊಂಡರೆ, ದೊಡ್ಡ ರಿಪೇರಿಯ ಭಯ ಒಂದು ರಬ್ಬರ್ ಉಂಗುರದಲ್ಲಿ ಮುಗಿಯಿತು. ಪರೀಕ್ಷೆ ಐಡ್ಲಿಂಗಿನಲ್ಲಿ ಮತ್ತು ಸಾಧಾರಣ ವೇಗದಲ್ಲಿ ಒಂದೆರಡು ನಿಮಿಷವಿರಲಿ. ಹೆಚ್ಚುವರಿ ಆಯಿಲನ್ನು ಅಂದೇ ಇಳಿಸಿಬಿಡಿ. ಇಲ್ಲದಿದ್ದರೆ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತದೆ.

ನೇರ ರಸ್ತೆಯಲ್ಲಿ ಸರಿಯಿದ್ದು ಉದ್ದನೆಯ ತಿರುವಿನಲ್ಲಿ ಮಾತ್ರ ಒತ್ತಡ ಕುಸಿದರೆ ಆಯಿಲ್ ಸಂಪಿನ ಒಂದು ಬದಿಗೆ ಓಡಿ ಜಾಲರಿಯನ್ನು ಬರಿದು ಮಾಡುತ್ತಿದೆ ಎಂದರ್ಥ. ಅಂಟು ಹೆಚ್ಚಿರುವ ಹೊಸ ಟೈರ್ ಹಾಕಿದ ಮೇಲೆ ಇದು ಶುರುವಾಗುವುದುಂಟು, ಏಕೆಂದರೆ ಕಾರು ಹುಟ್ಟಿದ ಕಾಲದ ಟೈರುಗಳು ಅಷ್ಟು ಜೋರಾಗಿ ತಿರುವು ಹಿಡಿಯುತ್ತಿರಲಿಲ್ಲ. ಮಟ್ಟವನ್ನು ಮೇಲಿನ ಗುರುತಿನಲ್ಲಿಡುವುದು ಮೊದಲ ಮದ್ದು, ಸಂಪಿನೊಳಗೆ ತಡೆಗೋಡೆ ಹಾಕಿಸುವುದು ಎರಡನೆಯದು.

ಶುರುಮಾಡಿದಾಗ ಒತ್ತಡ ಏರಲು ತಡವಾದರೆ ಮೊದಲು ಫಿಲ್ಟರನ್ನು ದೂರಿ. ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಇಳಿಯದಂತೆ ತಡೆಯುವ ರಬ್ಬರಿನ ಪೊರೆ ಅದರೊಳಗಿರುತ್ತದೆ. ಅಗ್ಗದ ಫಿಲ್ಟರಿನಲ್ಲಿ ಆ ಪೊರೆ ಬೇಗ ಗಟ್ಟಿಯಾಗುತ್ತದೆ.

ದಪ್ಪ ಆಯಿಲಿನ ಮೋಸ

ಒತ್ತಡ ಕಡಿಮೆ ಎಂದ ಕೂಡಲೇ ದಪ್ಪ ಆಯಿಲ್ ಹಾಕಿ ಎಂಬ ಸಲಹೆ ಬರುತ್ತದೆ. ಅದು ಏಕೆ ಅರೆಬರೆ ಮದ್ದು ಎಂಬುದಕ್ಕೆ ಸರಳ ಲೆಕ್ಕವಿದೆ. 100 ಡಿಗ್ರಿಯಲ್ಲಿ 30ರ ದರ್ಜೆಯ ಆಯಿಲಿನ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್, 50ರ ದರ್ಜೆಯದು 16.3ರಿಂದ 21.9. ಎರಡು ದರ್ಜೆ ಏರಿದರೂ ಪೂರ್ತಿ ಇಮ್ಮಡಿಯಾಗುವುದು ಅಪರೂಪ. ಸ್ನಿಗ್ಧತೆ ಇಮ್ಮಡಿಯಾದರೆ ಬೇರಿಂಗಿನಿಂದ ಹರಿದುಹೋಗುವ ಆಯಿಲ್ ಅರ್ಧವಾಗುತ್ತದೆ. ಆದರೆ ಸಂದಿ ಇಮ್ಮಡಿಯಾದರೆ ಹರಿವು ಎರಡು ಪಟ್ಟಲ್ಲ, ಎಂಟು ಪಟ್ಟು, ಏಕೆಂದರೆ ಅದು ಸಂದಿಯ ಘನಕ್ಕೆ ತಕ್ಕಂತೆ ಏರುತ್ತದೆ. 50 ಮಿಲಿಮೀಟರ್ ವ್ಯಾಸದ ಜರ್ನಲ್ಲಿಗೆ (ಬೇರಿಂಗಿನೊಳಗೆ ತಿರುಗುವ ದಂಡದ ಭಾಗಕ್ಕೆ) 0.05 ಮಿಲಿಮೀಟರಿನ ಆಸುಪಾಸಿನ ಸಂದಿ ಸಾಮಾನ್ಯ. ಅದು 0.1ಕ್ಕೆ ಬಂದಿದ್ದರೆ ಯಾವ ಡಬ್ಬಿಯೂ ಕೈ ಹಿಡಿಯುವುದಿಲ್ಲ. ತಯಾರಕರು ಒಪ್ಪಿದ ಮಿತಿಯೊಳಗೆ ದಪ್ಪನೆಯ ಆಯಿಲನ್ನು ಆಯ್ದುಕೊಳ್ಳಲು ನನ್ನ ತಕರಾರಿಲ್ಲ. ಪರೀಕ್ಷೆಗೆ ಮುನ್ನ ಅದನ್ನು ಹಾಕಿ ಗೇಜಿನ ಕಣ್ಣಿಗೆ ಮಣ್ಣೆರಚುವುದಕ್ಕೆ ಮಾತ್ರ ತಕರಾರಿದೆ.

ಫಿಲ್ಟರನ್ನು ಕತ್ತರಿಸಿ ನೋಡಿ

ತೆಗೆದಿಟ್ಟ ಹಳೆಯ ಫಿಲ್ಟರ್ ಈಗ ಬೇಕು. ಗರಗಸದಿಂದ ಕೊಯ್ಯಬೇಡಿ, ಗರಗಸದ ಪುಡಿಯೇ ಒಳಗೆ ಬಿದ್ದು ಎಲ್ಲ ಕೆಡುತ್ತದೆ. ಪೈಪ್ ಕಟರಿನಂತೆ ಸುತ್ತ ಕೊಯ್ಯುವ ಫಿಲ್ಟರ್ ಕಟರ್ ಬಳಸಿ. ಒಳಗಿನ ಕಾಗದದ ಮಡಿಕೆಗಳನ್ನು ಬ್ಲೇಡಿನಿಂದ ಬಿಡಿಸಿ, ಒತ್ತಿ ಆಯಿಲ್ ಹಿಂಡಿ, ಬಿಳಿಯ ತಟ್ಟೆಯ ಮೇಲೆ ಹರಡಿ, ಬಿಸಿಲಿಗೆ ಹಿಡಿದು ನಿಧಾನವಾಗಿ ಓರೆ ಮಾಡಿ. ಸವೆದ ಬೇರಿಂಗಿನ ಲೋಹವಿದ್ದರೆ ಮಡಿಕೆಯ ತಳದಲ್ಲಿ ಮಿನುಗು ಕಾಣುತ್ತದೆ. ಬೂದುಬಣ್ಣದ ಮೃದು ಚೂರು ಬೇರಿಂಗಿನ ಮೇಲ್ಪದರದ್ದು. ತಾಮ್ರದ ಬಣ್ಣ ಕಂಡರೆ ಮೇಲ್ಪದರ ದಾಟಿ ಒಳಗಿನ ಪದರ ಸವೆಯುತ್ತಿದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಅಯಸ್ಕಾಂತ ಆಡಿಸಿ ನೋಡಿ. ಅಂಟಿಕೊಂಡದ್ದು ಕಬ್ಬಿಣ ಅಥವಾ ಉಕ್ಕು, ಅದು ಕ್ಯಾಮ್, ಚೈನು, ಸಿಲಿಂಡರ್ ಇಂಥವುಗಳಿಂದ ಬಂದದ್ದು. ಒಂದೆರಡು ಚುಕ್ಕೆಗೆ ಹೆದರುವುದು ಬೇಡ. ಚಿಟಿಕೆಯಷ್ಟು ಸಿಕ್ಕಿದರೆ ಎಂಜಿನ್ ಮತ್ತೆ ಶುರುಮಾಡಬೇಡಿ.

ನೀರಿನ ಕೊಳವೆಯಿಂದ ಕ್ರ್ಯಾಂಕ್‌ಕೇಸಿನ ಒತ್ತಡ

ಇನ್ನು ಎರಡನೆಯ ಒತ್ತಡ. ಮುಚ್ಚಳ ಸಡಿಲಿಸಿ ಕುಣಿಯುತ್ತದೆಯೇ ಎಂದು ನೋಡುವುದು, ಕೈಗವಸು ಕಟ್ಟಿ ಉಬ್ಬುತ್ತದೆಯೇ ಎಂದು ನೋಡುವುದು ನೋಟಕ್ಕೆ ಚೆಂದ. ಆದರೆ ಆರೋಗ್ಯವಾಗಿರುವ ಎಂಜಿನ್ನಿನಲ್ಲೂ ಪಿಸ್ಟನ್ನುಗಳ ಏರಿಳಿತಕ್ಕೆ ಮುಚ್ಚಳ ಕುಣಿಯುವುದುಂಟು. ಅಳತೆಯೇ ಬೇಕು, ಅದಕ್ಕೆ ದುಬಾರಿ ಉಪಕರಣವೇನೂ ಬೇಕಿಲ್ಲ.

ಸುಮಾರು 6 ಮಿಲಿಮೀಟರ್ ಒಳವ್ಯಾಸದ, ಮೂರು ಮೀಟರ್ ಉದ್ದದ ಪಾರದರ್ಶಕ ಕೊಳವೆ ತೆಗೆದುಕೊಳ್ಳಿ. ಒಂದು ಮೀಟರ್ ಎತ್ತರದ ಹಲಗೆಯ ಮೇಲೆ ಅದನ್ನು ಯು ಆಕಾರದಲ್ಲಿ ಕಟ್ಟಿ, ನಡುವೆ ಅಳತೆಪಟ್ಟಿ ಅಂಟಿಸಿ, ಅರ್ಧದವರೆಗೆ ಬಣ್ಣದ ನೀರು ತುಂಬಿ. ಒಂದು ತುದಿ ಹೊರಗಾಳಿಗೆ ತೆರೆದಿರಲಿ, ಇನ್ನೊಂದು ಎಂಜಿನ್ನಿಗೆ. ಎಂಜಿನ್ನಿಗೆ ಹೋಗುವ ದಾರಿಯಲ್ಲಿ ಖಾಲಿ ಬಾಟಲಿಯೊಂದನ್ನು ಇಡಿ, ಅದರ ಮುಚ್ಚಳಕ್ಕೆ ಎರಡು ತೂತು ಕೊರೆದು ಒಂದರಿಂದ ಕೊಳವೆ ಒಳಗೆ, ಇನ್ನೊಂದರಿಂದ ಹೊರಗೆ. ನಿರ್ವಾತ ಅತಿಯಾಗಿದ್ದರೆ ನೀರು ಎಂಜಿನ್ನಿನೊಳಗೆ ಹೋಗದೆ ಬಾಟಲಿಯಲ್ಲಿ ನಿಲ್ಲುತ್ತದೆ. ಈ ಬಾಟಲಿಯನ್ನು ಮರೆಯಬೇಡಿ.

ಎಂಜಿನ್ನಿಗೆ ಸೇರಿಸಲು ಹಳೆಯ ಆಯಿಲ್ ಮುಚ್ಚಳವೊಂದಕ್ಕೆ ತೂತು ಕೊರೆದು ನಿಪ್ಪಲ್ ಕೂರಿಸುವುದು ಒಳ್ಳೆಯ ದಾರಿ. ಡಿಪ್‌ಸ್ಟಿಕ್ಕಿನ ಕೊಳವೆಗೆ ಸಿಕ್ಕಿಸುವುದು ಸುಲಭ, ಆದರೆ ಕೆಲವು ಎಂಜಿನ್‌ಗಳಲ್ಲಿ ಅದರ ಕೆಳತುದಿ ಆಯಿಲಿನಲ್ಲಿ ಮುಳುಗಿರುತ್ತದೆ. ಆಗ ನಡುವೆ ನಿಂತ ಆಯಿಲಿನ ಎತ್ತರವೂ ಲೆಕ್ಕದಲ್ಲಿ ಸೇರಿ ಸುಳ್ಳು ಅಂಕಿ ಬರುತ್ತದೆ.

ಓದುವಾಗ ಎರಡು ಕಡೆಯ ನೀರಿನ ಮಟ್ಟಗಳ ನಡುವಿನ ಪೂರ್ತಿ ಅಂತರವನ್ನು ಓದಬೇಕು. ಒಂದು ಕಡೆ 3 ಸೆಂಟಿಮೀಟರ್ ಏರಿ ಇನ್ನೊಂದು ಕಡೆ 3 ಇಳಿದರೆ ಒತ್ತಡ 6 ಸೆಂಟಿಮೀಟರು. ಒಂದು ಸೆಂಟಿಮೀಟರ್ ನೀರು ಹೆಚ್ಚುಕಡಿಮೆ ಒಂದು ಮಿಲಿಬಾರ್, ಬೇರೆ ಗುಣಾಕಾರ ಬೇಕಿಲ್ಲ. ಎಂಜಿನ್ ಬದಿಯ ನೀರು ಮೇಲೇರಿದರೆ ನಿರ್ವಾತ, ಕೆಳಗೆ ತಳ್ಳಿಸಿಕೊಂಡರೆ ಒತ್ತಡ.

ಕಾದ ಎಂಜಿನ್ ಐಡ್ಲಿಂಗಿನಲ್ಲಿರುವಾಗ ನೋಡಿ. ಬರೀ ಪಿಸಿವಿ ವಾಲ್ವ್ ಇರುವ ಹಳೆಯ ವಿನ್ಯಾಸಗಳಲ್ಲಿ ಕೆಲವೇ ಸೆಂಟಿಮೀಟರ್ ನಿರ್ವಾತ ಕಂಡರೆ ಸಾಕು. ಪೊರೆಯಿಂದ ನಿಯಂತ್ರಿಸುವ ವಿನ್ಯಾಸಗಳಲ್ಲಿ ಅದು ಹೆಚ್ಚು. ಬಿಎಂಡಬ್ಲ್ಯು ಆರು ಸಿಲಿಂಡರಿನ ಎಂ54 ಎಂಜಿನ್ನಿಗೆ 10ರಿಂದ 15 ಮಿಲಿಬಾರ್ ಸರಿಯಾದ ಅಳತೆ. ಅಂಕಿ ಸ್ಥಿರವಾಗಿರಬೇಕು, ಸಣ್ಣ ಮಿಡಿತ ಸಹಜ.

ಅಂತರ ಸೊನ್ನೆಯ ಹತ್ತಿರವಿದ್ದರೆ ಎಲ್ಲೋ ಗಾಳಿ ಒಳಬರುತ್ತಿದೆ ಅಥವಾ ಎಳೆಯುವ ದಾರಿ ಕಟ್ಟಿದೆ. ಬಿರುಕು ಬಿಟ್ಟ ವಾಲ್ವ್ ಕವರ್ ಗ್ಯಾಸ್ಕೆಟ್, ಡಿಪ್‌ಸ್ಟಿಕ್ಕಿನ ಸವೆದ ಉಂಗುರ ಇಂಥವು ಕಾರಣ. ಒತ್ತಡವೇ ಇದ್ದರೆ ಕಟ್ಟಿಕೊಂಡ ಕೊಳವೆ ಇಲ್ಲವೇ ರಿಂಗುಗಳ ಸೋರಿಕೆ. ನಿರ್ವಾತ ಅತಿಯಾಗಿ, 25 ಸೆಂಟಿಮೀಟರ್ ದಾಟಿ ಬಾಟಲಿಯತ್ತ ನೀರು ಓಡುತ್ತಿದ್ದರೆ ನಿಯಂತ್ರಕದ ಪೊರೆ ಹರಿದಿದೆ. ಆಗ ಬೇರೆ ಗುರುತುಗಳೂ ಇರುತ್ತವೆ. ಸೀಲಿನ ತುಟಿಯಿಂದ ಸಿಳ್ಳೆ ಅಥವಾ ಊಳಿಡುವ ಸದ್ದು, ಕೈಗೆ ಬಿಗಿಯಾಗಿ ಅಂಟಿಕೊಂಡ ಆಯಿಲ್ ಮುಚ್ಚಳ, ಅದನ್ನು ತೆಗೆದ ಕೂಡಲೇ ತಡವರಿಸುವ ಐಡ್ಲಿಂಗ್, ಹಿಂದಿನಿಂದ ಬಿಳಿಯ ಹೊಗೆಯ ಮೋಡ. ಪೋರ್ಷೆ ಬಾಕ್ಸ್‌ಸ್ಟರ್ ಮತ್ತು 996 ಪೀಳಿಗೆಯ 911ರಲ್ಲಿ ಗಾಳಿ-ಆಯಿಲ್ ಬೇರ್ಪಡಿಸುವ ಡಬ್ಬಿ ಕೆಟ್ಟಾಗ ನಡೆಯುವುದು ಇದೇ. ಹೊಗೆ ಕಂಡು ಎಂಜಿನ್ನೇ ಹೋಯಿತೆಂದು ಕಾರು ಮಾರಲು ಹೊರಟವರುಂಟು.

ಎರಡು ಒತ್ತಡಗಳ ಕೊಂಡಿಯೂ ಇಲ್ಲೇ ಇದೆ. ಹರಿದ ಪೊರೆ ಆಯಿಲನ್ನು ಇನ್‌ಟೇಕಿಗೆ ಹೀರುತ್ತದೆ, ಮಟ್ಟ ಇಳಿಯುತ್ತದೆ, ತಿರುವಿನಲ್ಲಿ ಜಾಲರಿ ಬರಿದಾಗುತ್ತದೆ. ಕಟ್ಟಿದ ಕೊಳವೆಯಿಂದಾದರೆ ಬ್ಲೋ-ಬೈ ಒಳಗೇ ಉಳಿದು, ತೇವವೂ ಪೆಟ್ರೋಲೂ ಆಯಿಲಿಗೆ ಬೆರೆತು ಕೆಸರಾಗುತ್ತದೆ, ಆ ಕೆಸರು ಕೊನೆಗೆ ಅದೇ ಜಾಲರಿಗೆ ಹೋಗಿ ಕೂರುತ್ತದೆ.

ಕೊಳವೆಯ ದೋಷವೋ, ರಿಂಗಿನ ದೋಷವೋ?

ನೀರಿನ ಕೊಳವೆಯಲ್ಲಿ ಒತ್ತಡ ಕಂಡಿತು ಎಂದುಕೊಳ್ಳಿ. ಉಸಿರಾಟದ ಎಲ್ಲ ಕೊಳವೆಗಳನ್ನೂ ಬಿಚ್ಚಿ, ಒಂದೊಂದನ್ನೂ ಬಾಗಿಸಿ, ಒಳಗೆ ದೀಪ ಬಿಟ್ಟು ನೋಡಿ. ನನ್ನದು ಕಲಿಸಿದ ಪಾಠವೆಂದರೆ ಹೊರಗಿನ ನೋಟಕ್ಕೆ ಬೆಲೆಯಿಲ್ಲ. ಬಾಯಿಂದ ಊದುವ ಬದಲು ಕೈ ಪಂಪಿನಿಂದ ಗಾಳಿ ಬಿಟ್ಟು ನೋಡಿ, ಆ ಕೆಸರಿನ ರುಚಿ ನೋಡುವ ಅಗತ್ಯವಿಲ್ಲ. ಪಿಸಿವಿ ವಾಲ್ವನ್ನು ಅಲ್ಲಾಡಿಸಿ ಸದ್ದು ಬಂದರೆ ಸರಿ ಎಂಬ ಮಾತು ಅರ್ಧಸತ್ಯ, ಸೋತ ಸ್ಪ್ರಿಂಗಿನ ವಾಲ್ವೂ ಗಲಗಲ ಎನ್ನುತ್ತದೆ. ವಾಲ್ವನ್ನೂ ಕೊಳವೆಗಳನ್ನೂ ಹೊಸದಾಗಿ ಹಾಕಿ ಮತ್ತೆ ಅಳೆಯಿರಿ. ನಿರ್ವಾತ ಬಂತೇ, ಕೆಲಸ ಮುಗಿಯಿತು. ದಾರಿಯೆಲ್ಲ ತೆರೆದಿದ್ದೂ ಒತ್ತಡ ಉಳಿದರೆ ಮಾತ್ರ ರಿಂಗುಗಳ ಕಡೆ ತಿರುಗಿ.

ಐಡ್ಲಿಂಗಿನಲ್ಲಿ ಸರಿಯಿದ್ದು ಭಾರದಲ್ಲಿ ಕೆಡುವುದೂ ಉಂಟು. ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಮ್ಯಾನಿಫೋಲ್ಡಿನ ನಿರ್ವಾತ ಮಾಯವಾಗುತ್ತದೆ, ಬ್ಲೋ-ಬೈ ಮಾತ್ರ ಹೆಚ್ಚುತ್ತದೆ. ಆ ಹೊತ್ತಿನ ಅಂಕಿ ಬೇಕಿದ್ದರೆ ನೀರಿನ ಹಲಗೆ ಬಿಟ್ಟು ಡಿಜಿಟಲ್ ಮಾನೋಮೀಟರ್ ಕಟ್ಟಿ, ಪಕ್ಕದಲ್ಲಿ ಕುಳಿತವರು ಓದಲಿ. ಟರ್ಬೊ ಎಂಜಿನ್ನಿನಲ್ಲಿ ಮ್ಯಾನಿಫೋಲ್ಡ್ ಕಡೆಯ ಚೆಕ್ ವಾಲ್ವ್ ಸೋರಿದರೆ ಟರ್ಬೊ ಒತ್ತಿ ತುಂಬಿದ ಬೂಸ್ಟ್ ಗಾಳಿಯೇ ಕ್ರ್ಯಾಂಕ್‌ಕೇಸಿಗೆ ನುಗ್ಗುತ್ತದೆ. ಅಲ್ಲದೆ ಟರ್ಬೊದಿಂದ ಆಯಿಲ್ ಸಂಪಿಗೆ ಮರಳುವುದು ಬರೀ ಗುರುತ್ವದಿಂದ. ಕೆಳಗೆ ಒತ್ತಡವಿದ್ದರೆ ಆಯಿಲ್ ಇಳಿಯದೆ ಟರ್ಬೊದ ಸೀಲುಗಳನ್ನು ದಾಟಿ ಹೊಗೆಯಾಗುತ್ತದೆ. ತಪ್ಪು ಮಾಡದ ಟರ್ಬೊಗೆ ಬೀಳುವ ಶಿಕ್ಷೆ ನನ್ನ ಸೀಲಿಗೆ ಬಿದ್ದದ್ದಕ್ಕಿಂತ ದುಬಾರಿ.

ರಿಂಗುಗಳ ಪರೀಕ್ಷೆಗೆ ಕಂಪ್ರೆಷನ್ ಅಳತೆ ಮೊದಲ ಮೆಟ್ಟಿಲು. ಎಂಜಿನ್ ಕಾದಿರಲಿ, ಇಗ್ನಿಷನ್ನೂ ಪೆಟ್ರೋಲೂ ಕಡಿದಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ. ಸಿಲಿಂಡರುಗಳ ನಡುವೆ ಶೇ. 10-15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಡಿಮೆ ಇರುವುದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗು, ಏರದಿದ್ದರೆ ವಾಲ್ವ್ ಎಂಬುದು ಹಳೆಯ ಸೂತ್ರ. ಪಿಸ್ಟನ್ನುಗಳು ಅಡ್ಡ ಮಲಗಿರುವ ಬಾಕ್ಸರ್ ಎಂಜಿನ್ನಿನಲ್ಲಿ ಆಯಿಲ್ ಒಂದೇ ಬದಿಗೆ ನಿಲ್ಲುವುದರಿಂದ ಈ ಸೂತ್ರ ಕೈಕೊಡುತ್ತದೆ.

ನನಗೆ ಹೆಚ್ಚು ನಂಬಿಕೆ ಲೀಕ್-ಡೌನ್ ಪರೀಕ್ಷೆಯಲ್ಲಿ. ಪಿಸ್ಟನ್ ಮೇಲ್ತುದಿಯಲ್ಲಿರುವಾಗ ಸ್ಪಾರ್ಕ್ ಪ್ಲಗ್ಗಿನ ತೂತಿನಿಂದ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು. ಕ್ರ್ಯಾಂಕಿನ ನಟ್ಟಿನ ಮೇಲಿನ ಸ್ಪ್ಯಾನರನ್ನು ತೆಗೆದ ಮೇಲೆಯೇ ಗಾಳಿ ಬಿಡಿ. ಪಿಸ್ಟನ್ ಕೂದಲೆಳೆಯಷ್ಟು ಓರೆಯಿದ್ದರೂ ಕ್ರ್ಯಾಂಕ್ ಗಿರ್ರನೆ ತಿರುಗಿ ಸ್ಪ್ಯಾನರ್ ಕೈಗೆ ಬಡಿಯುತ್ತದೆ. ಸೋರಿಕೆ ಶೇ. 10ರೊಳಗಿದ್ದರೆ ಚೆನ್ನ, 20ರ ಸುತ್ತಿದ್ದರೆ ವಯಸ್ಸಾದ ಎಂಜಿನ್, 30 ದಾಟಿದರೆ ಬಿಚ್ಚುವ ಯೋಚನೆ ಮಾಡಿ. ಅಂಕಿಗಿಂತ ಕಿವಿ ಮುಖ್ಯ. ಆಯಿಲ್ ಮುಚ್ಚಳದ ಬಾಯಿಗೆ ಕಿವಿ ಕೊಟ್ಟಾಗ ಸುಸ್ಸೆನ್ನುವ ಸದ್ದು ಜೋರಾಗಿದ್ದರೆ ರಿಂಗು, ಎಕ್ಸಾಸ್ಟಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಏರ್ ಫಿಲ್ಟರ್ ಕಡೆ ಕೇಳಿದರೆ ಇನ್‌ಟೇಕ್ ವಾಲ್ವ್, ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ವರ್ಷಗಟ್ಟಲೆ ನಿಂತಿದ್ದ ಕಾರಾದರೆ ತೀರ್ಪಿಗೆ ಅವಸರ ಬೇಡ. ರಿಂಗುಗಳು ಪಿಸ್ಟನ್ನಿನ ತೋಡುಗಳಲ್ಲಿ ಅಂಟಿಕೊಂಡಿರುತ್ತವೆ. ಆಯಿಲ್ ಒತ್ತಡ ಸರಿಯಿದ್ದರೆ ಹೊಸ ಆಯಿಲ್ ಹಾಕಿ, ಎಂಜಿನ್ ಚೆನ್ನಾಗಿ ಕಾಯುವಂತೆ ಕೆಲವು ನೂರು ಕಿಲೋಮೀಟರ್ ಓಡಿಸಿ ಮತ್ತೆ ಅಳೆಯಿರಿ. ಲೀಕ್-ಡೌನಿನ ಅಂಕಿ ಅರ್ಧಕ್ಕೆ ಇಳಿದದ್ದನ್ನು ನಾನೇ ನೋಡಿದ್ದೇನೆ.

ಯಾವಾಗ ನಿಲ್ಲಿಸಬೇಕು

ಒತ್ತಡ ಕಡಿಮೆಯಿದ್ದು, ಆಕ್ಸಿಲರೇಟರ್ ಒತ್ತಿದಾಗ ಕೆಳಗಿನಿಂದ ಟಕಟಕ ಎಂಬ ಗಟ್ಟಿ ಸದ್ದು ಬಂದರೆ ಅಲ್ಲಿಗೇ ಕೀಲಿ ತೆಗೆಯಿರಿ. ಮನೆಯವರೆಗೆ ನಿಧಾನವಾಗಿ ಹೋಗೋಣ ಎಂಬ ಲೆಕ್ಕಾಚಾರದಲ್ಲಿ ಬೇರಿಂಗಿನ ಜೊತೆ ಕ್ರ್ಯಾಂಕ್‌ಶಾಫ್ಟನ್ನೂ ಕಳೆದುಕೊಳ್ಳುತ್ತೀರಿ. ಸದ್ದಿಲ್ಲದೆ ಒತ್ತಡ ಮಾತ್ರ ಕಡಿಮೆಯಿದ್ದರೆ ಮೊದಲು ಸಂಪ್ ಇಳಿಸಿ, ಜಾಲರಿ ಮತ್ತು ಅದರ ಉಂಗುರ ನೋಡಿ, ರಿಲೀಫ್ ವಾಲ್ವ್ ನೋಡಿ, ಆಮೇಲೆ ಒಂದು ಕನೆಕ್ಟಿಂಗ್ ರಾಡ್ ಬೇರಿಂಗ್ ಬಿಚ್ಚಿ ಪ್ಲಾಸ್ಟಿಗೇಜ್ ಎಂಬ, ಒತ್ತಿದರೆ ಚಪ್ಪಟೆಯಾಗುವ ಪ್ಲಾಸ್ಟಿಕ್ ಎಳೆ ಇಟ್ಟು ಸಂದಿ ಅಳೆಯಿರಿ. ಕೈ ಹೇಗೂ ಅಲ್ಲೇ ಇರುತ್ತದೆ. ರಾಡ್ ಬೋಲ್ಟುಗಳು ಒಮ್ಮೆ ಮಾತ್ರ ಬಳಸುವ, ಹಿಗ್ಗುವ ಜಾತಿಯವಾದರೆ ಬಿಚ್ಚುವ ಮೊದಲೇ ಹೊಸದನ್ನು ತರಿಸಿಟ್ಟಿರಿ.

ನನ್ನ ಕಾರಿನ ಹೊಸ ಕೊಳವೆ ಹಾಕಿದ ಸಂಜೆ ನೀರಿನ ಹಲಗೆಯಲ್ಲಿ 5 ಸೆಂಟಿಮೀಟರ್ ನಿರ್ವಾತ ಬಂತು. ಮೂರನೆಯ ಸೀಲನ್ನು ಮೊದಲೇ ತಂದಿಟ್ಟಿದ್ದೆ. ಎರಡನೆಯ ಸೀಲಿನ ಸೋರಿಕೆ ವಾರದೊಳಗೆ ನಿಂತಿತು, ಮೂರನೆಯದು ಇನ್ನೂ ಪೊಟ್ಟಣದಲ್ಲೇ ಇದೆ.